ಜಯಮಾಲಾಳ ಹಲ್ಲು, ಮಹೇಶಕುಮಾರನ ಹೆಸರು

ತೊಗರಿಯನ್ನು ಬೇಳೆ ಮಾಡುವುದಕ್ಕೆ ಮಷೀನು ಸಾಕು ಎಂದು ತಿಳಿದವರು ಆಳಂದದ ಮಿಲ್ಲುಗಳ ಒಳಗೆ ಕಾಲಿಟ್ಟಿಲ್ಲ. ಮಷೀನಿಗಿಂತ ಮೊದಲು ಒಂದು ಬಾಯಿ ಬೇಕು. ಎಣ್ಣೆ ಸವರಿ, ಬಿಸಿಲಿಗೆ ಹರವಿ, ನೀರು ಚಿಮುಕಿಸಿ, ರಾಶಿ ಮಾಡಿ ತಾಡಪತ್ರಿ ಮುಚ್ಚಿಟ್ಟ ಕಾಳು ಒಡೆಯುವ ಹದಕ್ಕೆ ಬಂತೋ ಇಲ್ಲವೋ ಎಂಬುದನ್ನು ಮುಂಜಾನೆ ಹತ್ತಕ್ಕೆ ಒಬ್ಬರು ಕಡಿದು ನೋಡಿ ಹೇಳಬೇಕು. ಹಸಿ ಇದ್ದರೆ ಕಾಳು ಹಲ್ಲಿನ ಕೆಳಗೆ ಚಪ್ಪಟೆಯಾಗುತ್ತದೆ. ಅತಿಯಾಗಿ ಒಣಗಿದ್ದರೆ ನುಚ್ಚಾಗುತ್ತದೆ. ಹದ ಬಂದ ಕಾಳು ಮಾತ್ರ ‘ಕಟ್’ ಅಂದು ನೇರವಾಗಿ ಎರಡು ಹೋಳಾಗಿ ಸಿಪ್ಪೆ ಬಿಡುತ್ತದೆ. ತೇವ ಅಳೆಯುವ ಮೀಟರು ಸಾವಕಾರ ಜಗದೇವರ ಮಿಲ್ಲಿನಲ್ಲೂ ಇದೆ, ಗಾಜಿನ ಕಪಾಟಿನಲ್ಲಿ. ಬಂದವರಿಗೆ ತೋರಿಸುತ್ತಾರೆ.

ಆ ಮಿಲ್ಲಿನಲ್ಲಿ ಇನ್ನೊಂದು ಪದ್ಧತಿ ಉಂಟು. ಪ್ರತಿ ರಾಶಿಯ ಮುಂದೆ ಒಂದು ಪಾಟಿ, ನಮ್ಮ ಶಾಲೆಯ ಹಳೆಯ ಕಪ್ಪು ಪಾಟಿಯೇ. ಹದ ನೋಡಿದವರ ಹೆಸರನ್ನು ಅದರ ಮೇಲೆ ಬಳಪದಿಂದ ಬರೆಯಬೇಕು. ಬೇಳೆ ಚೆನ್ನಾಗಿ ಬಂದರೂ, ನುಚ್ಚಾದರೂ, ಆ ಹೆಸರೇ ಉತ್ತರ ಕೊಡಬೇಕು. ಜಯಮಾಲಾಳ ಹೆಸರು ನಾಲ್ಕು ಸುಗ್ಗಿಗಳ ಕಾಲ ಆ ಪಾಟಿಗಳ ಮೇಲಿತ್ತು.

ಮಾದನಹಿಪ್ಪರಗಾದ ಹುಡುಗಿ. ಪಿಯುಸಿ ಮುಗಿಸಿ ಚೀಲಗಳ ಲೆಕ್ಕ ಬರೆಯಲು ಸೇರಿದವಳು. ಆಗ ಹದ ನೋಡುತ್ತಿದ್ದವರು ದಾವಲಸಾಬ, ಮಿಲ್ಲಿನ ಹಳೆಯ ಮಿಸ್ತ್ರಿ. ಅವರ ಹಲ್ಲುಗಳು ಒಂದೊಂದಾಗಿ ಬಿದ್ದುಹೋದಾಗ ಅವಳನ್ನು ಕರೆದು, “ಬೇಟಿ, ನನ್ನ ಕಿವಿ ಇನ್ನಾ ಗಟ್ಟಿ ಅದ, ಹಲ್ಲ ದಗಾ ಕೊಟ್ಟಾವ. ನೀ ಕಡಿ, ನಾ ಕೇಳ್ತೇನಿ” ಅಂದರು. ಎರಡು ವರ್ಷ ಹಾಗೆಯೇ ನಡೆಯಿತು. ಅವಳು ಕಡಿದಳು, ಮುದುಕ ಕಿವಿಗೊಟ್ಟು ಕೇಳಿದರು, ಪಾಟಿಯ ಮೇಲೆ ದಾವಲಸಾಬ ಎಂಬ ಹೆಸರೇ ಉಳಿಯಿತು. ಬಾಯಿಯಲ್ಲಿ ಒಂದೂ ಹಲ್ಲಿಲ್ಲದ ಮನುಷ್ಯನಿಂದ ಆ ಕೆಲಸ ಕಿತ್ತುಕೊಳ್ಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಅವರೇ, “ಸಾವಕಾರ್ರ, ಇನ್ನ ಮ್ಯಾಲ ಈ ಹುಡುಗಿ ಹೆಸರ ಬರೀರಿ” ಎಂದು ಹೇಳಿ ಮನೆಗೆ ಹೋದರು. ಇದನ್ನು ನೆನಪಿಟ್ಟುಕೊಳ್ಳಿ.

ಜಯಮಾಲಾಳಿಗೆ ಹೋದ ವರ್ಷ ಮಗಳು ಹುಟ್ಟಿದಳು, ಸೃಷ್ಟಿ. ತೊಟ್ಟಿಲ ಕಾರ್ಯಕ್ಕೆ ಸಾವಕಾರರು ಹೆಂಡತಿಯೊಂದಿಗೆ ಬಂದರು. ಅತ್ತೆ ಕಸ್ತೂರಿಬಾಯಿಗೆ ಸೊಸೆಯ ಬಾಣಂತನ ಮಾಡಿದ ಹೆಮ್ಮೆ ತಡೆಯಲಾಗಲಿಲ್ಲ.

“ನಮ್ಮ ಸೊಸಿಗಿ ವರ್ಷ ತುಂಬೋತನಾ ಖಡಕ್ ರೊಟ್ಟಿ ಸೈತ ಕೊಡಂಗಿಲ್ರಿ” ಅಂದಳು ಅತ್ತೆ. “ಬಾಣಂತಿ ಹಲ್ಲು ಬುಡ ಸಡಲ ಇರ್ತಾವ. ಮೆತ್ತನ ರೊಟ್ಟಿ ಹಾಲಿನ್ಯಾಗ ನೆನಸಿ ಉಣಸ್ತೇನಿ. ನೀವೂ ಸ್ವಲ್ಪ ಜ್ವಾಕಿ ಮಾಡ್ರಿ. ಕೂಸು ಮಲಗ್ಸಾಕ ಮಿಲ್ಲಿನ್ಯಾಗ ಒಂದು ನೆರಳಿನ ಖೋಲಿ ಕೊಡ್ರಿ.”

“ಆಗ್ಲೇಳ್ರಿ ಅವ್ವಾರ” ಅಂದರು ಸಾವಕಾರರು. ಹೋಳಿಗೆ ಉಂಡು ಹೋದರು.

ರಜೆ ಮುಗಿದ ಮೇಲೆ, ಕೂಸಿಗೆ ವರ್ಷ ತುಂಬುವ ತನಕ ಅರ್ಧ ದಿನ, ಒಂಬತ್ತರಿಂದ ಒಂದರವರೆಗೆ ಎಂದು ಮಾತಾಯಿತು. ಮೊದಲ ದಿನ ಜಯಮಾಲಾ ನೇರವಾಗಿ ರಾಶಿಯ ಕಡೆಗೆ ನಡೆದಳು. ಪಾಟಿಯ ಮೇಲೆ ಮಹೇಶಕುಮಾರ ಎಂದು ಬರೆದಿತ್ತು. ಸಾವಕಾರರ ತಂಗಿಯ ಮಗ, ಜೇವರ್ಗಿಯವನು, ಓದಿದ ಹುಡುಗ.

“ಹದದ ಜಿಮ್ಮೇದಾರಿ ಈಗ ಅವಾ ನೋಡ್ತಾನ ತಂಗಿ” ಅಂದರು ಜಗದೇವರು. “ನಿನಗ್ಯಾಕ ತಕಲೀಫ? ಬಾಣಂತಿ ಹಲ್ಲು. ಅದರಾಗ ಅರ್ಧ ದಿನದ ಹಾಜರಿ. ಆಫೀಸಿನ್ಯಾಗ ಫ್ಯಾನಿನ ಕೆಳಗ ಕೂಡು, ಬಂದೋರ ಹೆಸರು ಬರಕೋ. ಆರಾಮ ಇರು.”

“ಹದ ನೋಡೋದು ಮುಂಜಾನಿ ಹತ್ತಕ್ಕಲ್ರಿ. ನಾ ಒಂದರ ತನಕ ಇರ್ತೇನಲ್ಲ?”

“ನಿನ್ನ ಒಳ್ಳೇದಕ್ಕ ಹೇಳಾಕತ್ತೇನಿ.”

ಪಗಾರ ಕಡಿತದ ಮಾತಲ್ಲ ಇದು, ಅದು ಗಂಟೆಗೆ ತಕ್ಕಂತೆ ಸರಿಯಾಗಿಯೇ ಬರುತ್ತಿತ್ತು. ಬೈಗುಳವಿಲ್ಲ, ಅವಮಾನವಿಲ್ಲ. ಫ್ಯಾನು ಕೊಟ್ಟರು, ಕುರ್ಚಿ ಕೊಟ್ಟರು, ಹನ್ನೊಂದಕ್ಕೆ ಅತ್ತೆ ಕೂಸನ್ನು ತಂದಾಗ ಹಾಲು ಕುಡಿಸಲು ಬಿಟ್ಟರು. ಯಾರ ಮುಂದೆ ಹೋಗಿ ಏನಂತ ದೂರು ಹೇಳುವುದು? ಮರ್ಯಾದೆ ಕೊಟ್ಟೇ ಒಬ್ಬಳ ಕೈಯಿಂದ ಅವಳ ಕೆಲಸ ತೆಗೆದುಕೊಳ್ಳುವ ಜಾಣತನ ನಮ್ಮ ದೊಡ್ಡ ಮನೆಗಳಿಗೆ ಹಿಂದಿನಿಂದಲೂ ಬಂದದ್ದು. ಗಂಡ ಕಲ್ಲಿನಾಥ ಅಫಜಲಪುರದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಅವನೂ, “ಕುಂತ ಪಗಾರ ಬರ್ತದಲ್ಲ, ಬಿಡಬೇ” ಅಂದ.

ಮೂರನೆಯ ದಿನ ಹತ್ತು ಗಂಟೆಗೆ ಮಹೇಶಕುಮಾರ ಮುಷ್ಟಿ ಮುಚ್ಚಿಕೊಂಡು ಆಫೀಸಿಗೆ ಬಂದ. ಅತ್ತಿತ್ತ ನೋಡಿ ಅವಳ ಮೇಜಿನ ಮೇಲೆ ಮುಷ್ಟಿ ಬಿಚ್ಚಿದ. ಹತ್ತು ಹನ್ನೆರಡು ಕಾಳು.

“ಅಕ್ಕಾ, ಒಂದ್ಸಲ ನೋಡಿಬಿಡು. ಮೀಟರ್ ಹದ ಬಂದದ ಅಂತ ತೋರಸ್ತದ, ನನಗ ಧೈರ್ಯ ಆಗವಲ್ದು.”

ಅವಳು ಒಂದು ಕಾಳು ಬಾಯಿಗೆ ಹಾಕಿದಳು. ಅಭ್ಯಾಸ, ಏನು ಮಾಡುವುದು? “ಇನ್ನೊಂದು ಬಿಸಲು ಬೇಕು” ಅಂದಳು. ಹುಡುಗ ಓಡಿದ.

ಹಾಗೆ ಎರಡು ತಿಂಗಳು. ದಿನಾ ಹತ್ತಕ್ಕೆ ಆ ಮುಷ್ಟಿ ಬರುತ್ತಿತ್ತು. ಬಾಣಂತಿ ಹಲ್ಲು ದಿನಾ ಕಡಿಯುತ್ತಿತ್ತು. ಪಾಟಿಯ ಮೇಲೆ ಮಹೇಶಕುಮಾರನ ಹೆಸರು ಏಳುತ್ತಿತ್ತು. ಅವಳಿಗೂ ಅದರಲ್ಲಿ ಒಂದು ಗುಟ್ಟಿನ ಸುಖ ಇತ್ತು ಎನ್ನಬೇಕು, ಆ ‘ಕಟ್’ ಸದ್ದು ಕೇಳಿದರೆ ದಿನ ಸರಿ ಹೋಯಿತು ಅನ್ನಿಸುತ್ತಿತ್ತು.

ಒಂದು ದಿನ ಸೊಲ್ಲಾಪುರದ ವ್ಯಾಪಾರಿಯೊಬ್ಬರು ಬಂದರು. ಆಫೀಸಿನಲ್ಲಿ ನಿಂತು ಬೇಳೆಯನ್ನು ಅಂಗೈಯಲ್ಲಿ ಹೊರಳಿಸಿ, “ಈ ಸಲದ ಹದ ಏಕದಂ ಚಲೋ ಅದ. ಯಾರದ್ರಿ ಇದು?” ಅಂದರು.

“ನಮ್ಮ ಮಹೇಶಂದು” ಅಂದರು ಜಗದೇವರು, ಹುಡುಗನ ಬೆನ್ನು ತಟ್ಟಿ.

ಆ ಹೊತ್ತಿಗೆ ಜಯಮಾಲಾ ವ್ಯಾಪಾರಿಯ ಹೆಸರನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದಳು. ತಲೆ ಎತ್ತಿ ಹುಡುಗನನ್ನು ನೋಡಿದಳು. ಅವನು ನೆಲ ನೋಡಿದ.

ಮರುದಿನ ಹತ್ತಕ್ಕೆ ಮುಷ್ಟಿ ಬಂತು. ಅವಳು ಕೈ ಚಾಚಲಿಲ್ಲ.

“ನನ್ನವು ಬಾಣಂತಿ ಹಲ್ಲಪ್ಪಾ. ಕಡಿಬಾರದಂತ.”

“ಅಕ್ಕಾ, ಚಾಷ್ಟಿ ಮಾಡಬ್ಯಾಡ. ಎರಡ ಲಾರಿ ನಿಂತಾವ.”

“ಪಾಟಿ ಮ್ಯಾಲ ಹೆಸರು ಯಾರದು?”

“ನಂದು.”

“ಹಂಗಾದ್ರ ಹಲ್ಲೂ ನಿಂದ ಇರ್ಲಿ.”

“ನನಗ ತಿಳ್ಯಂಗಿಲ್ಲ ಅಕ್ಕಾ!”

“ಅದನ್ನ ನನಗ ಹೇಳಬ್ಯಾಡ. ನಿಮ್ಮ ಮಾವಗ ಹೇಳು.”

ಹುಡುಗ ಕೆಟ್ಟವನಲ್ಲ. ಮುಷ್ಟಿ ಹಿಡಿದುಕೊಂಡೇ ಹೋಗಿ ಮಾವನ ಮುಂದೆ ಎಲ್ಲವನ್ನೂ ಹೇಳಿಬಿಟ್ಟ. ಹತ್ತೂವರೆಯಾಯಿತು, ಮಷೀನು ಶುರುವಾಗಲಿಲ್ಲ. ಹನ್ನೊಂದಕ್ಕೆ ಜಗದೇವರು ಆಫೀಸಿಗೆ ಬಂದರು. ಅದೇ ಹೊತ್ತಿಗೆ ಕಸ್ತೂರಿಬಾಯಿ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು ನಿಂತಿದ್ದಳು.

“ಏನ ತಂಗಿ ಇದು?” ಅಂದರು ಸಾವಕಾರರು. “ಇವನಿಗಿ ಒಂದೀಟು ಹೇಳಿದ್ರ ನಿನ್ನ ಗಂಟೇನ ಹೋಗ್ತದ? ಎರಡ ತಿಂಗಳು ಕಡದೀಯಂತ, ಇವತ್ತೇನು?”

“ಕಡೀತೇನಿ. ನನ್ನ ಹೆಸರು ಬರೀರಿ.”

“ಅರ್ಧ ದಿನದಾಕಿ ಹೆಸರು ಹೆಂಗ ಬರೀಲಿ? ಮತ್ತ ನಿಮ್ಮ ಅತ್ತಿನೇ ಹೇಳ್ಯಾರ, ಹಲ್ಲ ಸಡಲ ಇರ್ತಾವ ಅಂತ. ಕೇಳು ಬೇಕಾದ್ರ, ಇಲ್ಲೇ ಅದಾರ.”

ಕಸ್ತೂರಿಬಾಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೊದಲು ಸೊಸೆಯ ಮೇಲೆಯೇ ಎರಗಿದಳು. “ಎರಡ ತಿಂಗಳಾತು ತೊಗರಿ ಕಡಿಯಾಕತ್ತೀ? ನಾ ಮನ್ಯಾಗ ಹಾಲಾಗ ರೊಟ್ಟಿ ನೆನಸಿ ಉಣಸಾಕತ್ತೇನಿ, ಇಕಿ ಇಲ್ಲಿ ಹಗಲಗಳ್ಳಿ! ತಗಿ ಬಾಯಿ!”

ಕೂಸನ್ನು ಮಹೇಶಕುಮಾರನ ಕೈಗೆ ಕೊಟ್ಟು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವಳಂತೆ ಸೊಸೆಯ ಗದ್ದ ಹಿಡಿದು, ಹಲ್ಲುಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದಳು. ಜಯಮಾಲಾ ಕಣ್ಣು ಮುಚ್ಚಿಕೊಂಡು ನಿಂತಳು.

“ಒಂದೂ ಅಳ್ಳಾಡಂಗಿಲ್ಲ” ಅಂದಳು ಕಸ್ತೂರಿಬಾಯಿ. ಸೆರಗಿಗೆ ಕೈ ಒರೆಸಿಕೊಂಡು ಸಾವಕಾರರ ಕಡೆಗೆ ತಿರುಗಿದಳು. “ಸಾವಕಾರ್ರ, ನಾ ಅಂದಿದ್ದು ಖರೆ. ಆ ದಿನ ಎರಡ ಮಾತು ಹೇಳಿದ್ನಿ. ಹಲ್ಲಿಂದೊಂದು, ಕೂಸಿನ ಖೋಲಿದೊಂದು. ಹಲ್ಲಿಂದು ನಿಮಗ ಇವತ್ತಿನ ತನಕ ನೆನಪದ. ಖೋಲಿದು ಹೋಳಿಗಿ ಜೋಡಿ ನುಂಗಿಬಿಟ್ರೇನ್ರಿ?”

ಬಾಗಿಲ ಹೊರಗೆ ನಿಂತಿದ್ದ ಹಮಾಲರಲ್ಲಿ ಯಾರೋ ನಕ್ಕರು.

“ಮತ್ತ ಆ ದಾವಲಸಾಬಗ ಬಾಯಾಗ ಏನಿತ್ರಿ? ಅವನ ಹೆಸರ ಎರಡ ವರ್ಷ ನಡೀತು” ಅಂದಳು ಕಸ್ತೂರಿಬಾಯಿ.

ಜಗದೇವರು ಹೊರಗೆ ಲಾರಿ ನೋಡಿದರು, ಗಡಿಯಾರ ನೋಡಿದರು. “ಪಾಟಿ ತಗೊಂಡ್ ಬಾರಲೇ ಮಹೇಶ” ಅಂದರು. ಮಹೇಶಕುಮಾರ ಕಸ್ತೂರಿಬಾಯಿಯ ಕೈಗೆ ಕೂಸನ್ನು ಕೊಟ್ಟು ಹೋದ. ಬರುವಾಗಲೇ ತನ್ನ ಹೆಸರನ್ನು ಅಂಗಿಯ ತೋಳಿನಿಂದ ಒರೆಸಿದ್ದ.

ಜಯಮಾಲಾ ರಾಶಿಯ ಹತ್ತಿರ ಹೋದಳು. ಮೇಲಿನ ಕಾಳು ಮುಟ್ಟಲಿಲ್ಲ. ಮೊಣಕೈ ತನಕ ಕೈ ಇಳಿಸಿ ಒಳಗಿನದನ್ನು ತೆಗೆದಳು. ಒಂದು ಕಡಿದಳು. ಇನ್ನೊಂದು ಕಡೆಯಿಂದ ಮತ್ತೊಂದು. ಲಾರಿಯವನು ಬೀಡಿ ಕೆಳಗೆ ಹಾಕಿ ನೋಡುತ್ತಿದ್ದ.

“ಒಳಗ ಹಸಿ ಅದ. ಇವತ್ತ ಮಷೀನ್ ಹಚ್ಚಬ್ಯಾಡ್ರಿ.”

“ತಂಗಿ, ಲಾರಿ...”

“ಲಾರಿ ನಾಳಿ ಬರ್ಲಿ.”

ಬಳಪ ತೆಗೆದುಕೊಂಡು ಪಾಟಿಯ ಮೇಲೆ ಬರೆದಳು: ‘ಹದ ಆಗಿಲ್ಲ. ಜಯಮಾಲಾ.’ ಸಾವಕಾರರು ಅದನ್ನು ಎರಡು ಸಲ ಓದಿದರು. ಬೇಕಿದ್ದರೆ ಒರೆಸಬಹುದಿತ್ತು, ಮಿಲ್ಲು ಅವರದು. ಒರೆಸಲಿಲ್ಲ. ಹಮಾಲರ ಕಡೆಗೆ ತಿರುಗಿ, “ಏನ್ ನೋಡ್ತೀರಲೇ, ಹರವ್ರಿ ಬಿಸಲಿಗಿ” ಎಂದು ಗದರಿ ಒಳಗೆ ಹೋದರು.

ಖೋಲಿ ಇನ್ನೂ ಕೊಟ್ಟಿಲ್ಲ. ಕೇಳಿದರೆ ಜಾಗ ನೋಡಾಕತ್ತೇವಿ ಅನ್ನುತ್ತಾರೆ. ಆ ದಿನ ಜಯಮಾಲಾ ರಾಶಿಯ ಪಕ್ಕದ ಖಾಲಿ ಚೀಲಗಳ ಮೇಲೆ ಕುಳಿತು, ಸೆರಗು ಮರೆ ಮಾಡಿ ಕೂಸಿಗೆ ಹಾಲು ಕುಡಿಸಿದಳು. ಹಮಾಲರು ಕಾಳು ಹರವುತ್ತ ಅವಳ ಕಡೆ ನೋಡಿ, “ಇಷ್ಟು ತೆಳ್ಳಗ ಸಾಕೇನ್ರಿ ಬಾಯಾರ?” ಎಂದು ಕೇಳಿದರು.

“ಇನ್ನೊಂದೀಟು” ಅಂದಳು.