ರೆಕಾರ್ಡಿನ ಹಿಂದೆ ಸತ್ತಿದ್ದವರು

ನ್ಯಾಮತಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿ. ಈಚೆಗೆ ಮತ್ತೆ ಹೊರಬಂದ ಹಳೆಯ ಬ್ಲೂಸ್ ಗಿಟಾರ್ ರೆಕಾರ್ಡೊಂದನ್ನು ಮೇಜಿನ ಮೇಲಿಟ್ಟು ಕೂತಿದ್ದೆ. ಚಹಾ ತಂದ ಅಂಗಡಿಯಾಕೆ ಅದರ ರಟ್ಟಿನ ಕವರಿನ ಮೇಲಿನ ಫೋಟೋ ನೋಡಿ ನಿಂತೇಬಿಟ್ಟರು.

"ಇವ್ರು ನಮ್ಮನೆಯವ್ರು ಅಲ್ವೇನ್ರೀ!"

ಆ ವಾದಕ ಮುಂಬೈಯಲ್ಲಿ ತೀರಿಕೊಂಡು ವರ್ಷಗಳಾದವೆಂದು ರಟ್ಟಿನ ಹಿಂದೆ ಅಚ್ಚಾಗಿತ್ತು. ಹೇಗೆ ಹೇಳಲೆಂದು ತಡವರಿಸುವಷ್ಟರಲ್ಲಿ ಆಕೆ ಒಳಕ್ಕೆ ಕೂಗಿದರು: "ರೀ, ಬರ್ರೀ ಇಲ್ಲಿ!"

ಕೈ ಒರೆಸಿಕೊಳ್ಳುತ್ತ ಬಂದ ಮುದುಕರದು, ಸುಕ್ಕುಗಟ್ಟಿದ್ದರೂ, ಫೋಟೋದ್ದೇ ಮುಖ. ನಾನು ರೆಕಾರ್ಡನ್ನು ತಿರುಗಿಸಿ ಅವರ ಮುಂದಿಟ್ಟೆ.

ಅವರು ಹಿಂಬದಿ ಓದಿದರು. "ನಾನು ಸತ್ತೀನಂತೆ ಕಣೇ" ಎಂದು ಹೆಂಡತಿಗೆ ಹೇಳಿ ನಕ್ಕರು. ಆಮೇಲೆ ರೆಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೇಳಿದರು:

"ಮುಂಬೈನಾಗೆ ನುಡಿಸಿಕೊಟ್ಟು ಊರಿಗೆ ಬಂದುಬಿಟ್ಟೆ. ಒಂದ್ಸಲನೂ ಕೇಳಾಕೆ ಆಗ್ಲಿಲ್ಲ. ಹೆಂಗೆ ಬಂದೈತ್ರೀ?"