ಗಟ್ಟಿ ಸೂಗಪ್ಪನ ಮೆತ್ತನೆಯ ಲಿವರ್

ಆಸ್ಪತ್ರೆಯ ಯಂತ್ರ ಪಕ್ಕೆಲುಬಿನ ಸಂದಿಯಲ್ಲಿ ‘ಟಕ್’ ಎಂದು ತಟ್ಟಿದ್ದೇ ತಡ, ಕಣ್ಣು ಮುಚ್ಚಿ ಮಲಗಿದ್ದ ಸೂಗಪ್ಪ, “ಯಾರ್ರಿ? ಬರ್ರಿ, ಬಾಗಲಾ ತಗದೇ ಅದ!” ಎಂದು ಕೂಗಿದ. ಪರದೆಯಾಚೆ ಸರದಿಯಲ್ಲಿದ್ದ ಸುಲ್ತಾನಸಾಬರು ತಮ್ಮನ್ನೇ ಕರೆದರೆಂದು ನೆಟ್ಟಗೆ ಒಳಗೆ ಬಂದುಬಿಟ್ಟರು. ಅಂಗಿ ಕೊರಳಿಗೇರಿಸಿ, ಬಲಗೈ ತಲೆಯಡಿ ಇಟ್ಟು ಮಲಗಿದವನನ್ನು ಕಂಡು, “ತೌಬಾ! ಆರಾಮ್ ಮಾಡ್ರಿ ಸಾವಕಾರ್ರ,” ಎಂದು ಹಿಂದೆ ಸರಿದರು. ಹೆಂಡತಿ ಕಸ್ತೂರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ರಂಗಂಪೇಟೆಯಲ್ಲಿ ಸೂಗಪ್ಪನದು ಹಗ್ಗದ ಅಂಗಡಿ. ಹೊಗಳಿಕೆಗೆ ಅವನ ಬಾಯಲ್ಲಿ ಇರುವುದು ಒಂದೇ ಪದ: ಗಟ್ಟಿ. ಹಗ್ಗ ಗಟ್ಟಿ, ಮೊಸರು ಗಟ್ಟಿ, ಬೀಗರು ಗಟ್ಟಿ. ಹೆಣ್ಣು ನೋಡಲು ಹೋದ ದಿನ ಕಸ್ತೂರಿಯನ್ನೂ “ಗಟ್ಟಿ ಅದಾಳ” ಎಂದೇ ಒಪ್ಪಿದ್ದ. ಹೋದ ವರ್ಷ ರಕ್ತದಲ್ಲಿ ಹೆಪಟೈಟಿಸ್ ಬಿ ಸಿಕ್ಕಾಗ, “ಮನಿಗೂ ಬಿ ಖಾತಾ, ನನಗೂ ಬಿ ಖಾತಾ” ಎಂದು ನಕ್ಕಿದ್ದ. ಕಸ್ತೂರಿಗೆ ನಗು ಬಂದಿರಲಿಲ್ಲ. ಅವನ ಅಣ್ಣ ಇದೇ ಬೇನೆಯಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡು, ತಿಂಗಳೊಪ್ಪತ್ತಿನಲ್ಲಿ ಹೋಗಿಬಿಟ್ಟಿದ್ದ. ಗಂಡನ ತೋಳಿಗೆ ಮಂತ್ರಿಸಿದ ಒಂದು ಯಂತ್ರ ಕಟ್ಟಿಸಿದಳು. ಅದು ಸಾಲದೆಂದು ಶಹಾಪುರದ ಮೇಲೆ ಹಾದುಹೋಗುವ ಬಸ್ಸು ಹತ್ತಿಸಿ, ಯಾದಗಿರಿಯ ಆಸ್ಪತ್ರೆಯ ಈ ಯಂತ್ರಕ್ಕೂ ಒಪ್ಪಿಸಿದಳು. ಸೂಜಿಯಿಲ್ಲ, ಕೊಯ್ಯುವುದಿಲ್ಲ, ಹೊರಗಿನಿಂದಲೇ ತಟ್ಟಿ ಲಿವರಿನ ಹದ ಹೇಳುತ್ತದಂತೆ.

ಡಾಕ್ಟರ್ ನುಜ್ಹತ ಅಂಕಿ ನೋಡಿ ನಕ್ಕರು. “ಕಾಕಾ, ಐದು ಬಂದದ. ನಿಮ್ಮ ಲಿವರ್ ಮೆತ್ತಗ ಅದರಿ.”

ಯಂತ್ರ ತಟ್ಟಿದ್ದು ಗಂಡನಿಗೆ, ಮಾತು ತಟ್ಟಿದ್ದು ಕಸ್ತೂರಿಗೆ. ಸೂಗಪ್ಪ ಎದ್ದೇ ಕುಳಿತ.

“ಮೆತ್ತಗ? ಇನ್ನೊಮ್ಮೆ ನೋಡ್ರಿ ಮೇಡಂ. ನಮ್ಮ ಮನಿತನದಾಗ ಮೆತ್ತಗ ಇದ್ದಾವ್ರು ಯಾರೂ ಇಲ್ಲ!”

“ಅಯ್ಯ ಕಾಕಾ, ಒಳಗ ಗಾಯ ಆಗಿ ಆಗಿ ಲಿವರ್ ಗಟ್ಟಿ ಆಗ್ತದ. ಮೆತ್ತಗ ಇದ್ರನಾ ಚಲೋ. ರೋಗ ಇನ್ನಾ ರಕ್ತದಾಗ ಅದ, ಆರು ತಿಂಗಳಿಗೊಮ್ಮೆ ಬಂದು ತೋರಸ್ರಿ. ಆದ್ರ ಲಿವರ್ ಕೆಟ್ಟಿಲ್ಲ.”

ಅಷ್ಟು ಹೊತ್ತು ತಡೆದಿದ್ದ ಅಳು ಕಸ್ತೂರಿಗೆ ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಬಂತು. ಕಣ್ಣೊರೆಸಿಕೊಂಡು, ಮದುವೆಯಾದಾಗಿನಿಂದ ಕೇಳದ ಮಾತೊಂದನ್ನು ಕೇಳಿದಳು:

“ಖರೇ ಹೇಳ್ರಿ. ಅಲ್ಲಿ ಮಲಗಿದಾಗ ನಿಮಗ ಯಾರ ನೆನಪು ಬಂತು?”

ಸೂಗಪ್ಪ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

“ಬನಿಯನ್ನಿಂದು,” ಎಂದ. “ತೂತು ಬಿದ್ದದ್ದೇ ಹಾಕ್ಕೊಂಡು ಬಂದೀನಿ.”