ಕಾಮಕಸ್ತೂರಿ ಎಣ್ಣೆಯ ಸೀಸೆ

ಪ್ರಯೋಗಾಲಯದಲ್ಲಿ ಔಷಧಿ ಸೊಪ್ಪನ್ನು ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸುವುದು ಅವನ ಕೆಲಸ. ಬೀದಿಯವರಿಗೆ ಅವನು ‘ಎಣ್ಣೆ ಡಾಕ್ಟರು’. ಮೊದಮೊದಲು ಅದು ತಮಾಷೆಯ ಹೆಸರು. ಬರುಬರುತ್ತ ಅವನೇ ನಂಬಿಬಿಟ್ಟ. ಯಾರಿಗೆ ತಲೆನೋವು ಬರಲಿ, ನೆಗಡಿಯಾಗಲಿ, ಮಿಕ್ಕ ಎಣ್ಣೆ ಸೀಸೆಯಲ್ಲಿ ಹಾಜರು, ಜೊತೆಗೊಂದು ಉಪದೇಶವೂ ಪುಕ್ಕಟೆ. ವರ್ಷಗಟ್ಟಲೆ ಹಬೆ ಕುಡಿದು ಅವನ ಮೂಗು ಮೊಂಡಾಗಿತ್ತು, ಎಲ್ಲ ಎಣ್ಣೆಯೂ ಒಂದೇ ವಾಸನೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೊಗಳಿಕೆ ಯಾರಿಗೆ ಬೇಡ?

ಅಂದು ಬೆಳಿಗ್ಗೆ ಮಹಡಿಮನೆಯ ಹುಡುಗಿ ತನ್ನ ಹಸುಗೂಸನ್ನು ಎತ್ತಿಕೊಂಡು ಅವನ ಮನೆಗೆ ಬಂದಳು. "ಮೂಗು ಕಟ್ಟಿ ಒಂದೇ ಅಳು, ದೊಡ್ಡಪ್ಪ."

"ಕಾಮಕಸ್ತೂರಿ ಎಣ್ಣೆ ತಗೊಳಮ್ಮ. ನಿನ್ನೆ ಇಳಿಸಿದ್ದು. ಮೂಗಿನ ಹತ್ರ ಒಂಚೂರು ಸವರು. ಹೂವಿನಂಥ ಎಣ್ಣೆ, ಏನೂ ಆಗಲ್ಲ."

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಮೇಡಂ ಖುಷಿಯಾಗಿ ಅವನ ಬಳಿ ಬಂದರು. "ನಿನ್ನೆಯ ಎಣ್ಣೆ ಪರೀಕ್ಷೆ ತಟ್ಟೆಯಲ್ಲಿದ್ದ ರೋಗಾಣುಗಳನ್ನ ಗುಡಿಸಿ ಹಾಕ್ತಾ ಇದೆ ಕಣ್ರಿ! ಕಾಲುಭಾಗಕ್ಕಿಂತ ಹೆಚ್ಚು ಕರ್ಪೂರದ ಅಂಶ."

"ಕಾಮಕಸ್ತೂರೀಲಿ ಕರ್ಪೂರಾನಾ? ಹೋದ ಸಲ ಇರಲಿಲ್ವಲ್ಲ!"

"ಹೋದ ಸಲ ಹೂವಿನ ವಾಸನೆಯ ಲಿನಲೂಲ್ ಅನ್ನೋ ಅಂಶ ಜಾಸ್ತಿ ಇತ್ತು. ಈ ಸಲದ್ದು ಬೇರೆ ತೋಟದ್ದು, ಬೇರೆ ತಳಿ. ಗಿಡ ನೋಡೋಕೆ ಒಂದೇ ಥರ. ಬೆಳ್ಳಗಿರೋದೆಲ್ಲ ಹಾಲಲ್ಲ, ಅಲ್ವಾ? ಮಕ್ಕಳಿರೋ ಕಡೆ ಮಾತ್ರ ಹುಷಾರು. ಹಸುಗೂಸಿನ ಮೂಗಿಗೆ ಸೋಕಿದ್ರೆ ಫಿಟ್ಸ್ ಬರಬಹುದು, ಉಸಿರೇ ನಿಲ್ಲಬಹುದು."

 ಅವನು ಮಹಡಿಮನೆಯ ಹುಡುಗಿಗೆ ಫೋನ್ ಮಾಡಿದ, ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಮೇಡಂ ಏನೋ ಕೇಳುತ್ತಿದ್ದರೂ ಕಿವಿಗೆ ಬೀಳಲಿಲ್ಲ. ಜೀವ ಕೈಯಲ್ಲಿ ಹಿಡಿದು ಮನೆ ಕಡೆ ಓಡಿದ. ‘ಏನೂ ಆಗಲ್ಲ’ ಎಂದು ತನ್ನ ಬಾಯಿಂದಲೇ ಬಂದ ಮಾತು ದಾರಿಯುದ್ದಕ್ಕೂ ಅವನನ್ನು ಚುಚ್ಚುತ್ತಿತ್ತು.

ಬಾಗಿಲು ತೆರೆದ ಹುಡುಗಿ ತುಟಿಯ ಮೇಲೆ ಬೆರಳಿಟ್ಟಳು. "ಶ್! ಫೋನನ್ನೂ ಸುಮ್ಮನಾಗಿಸಿದ್ದೀನಿ. ನಿಮ್ಮ ಎಣ್ಣೆ ಸವರಿದ್ದೇ ತಡ, ಹೇಗೆ ಮಲಗಿದೆ ನೋಡಿ. ಅಲ್ಲಾಡೋದೂ ಇಲ್ಲ."

ಅವಳನ್ನು ತಳ್ಳಿಕೊಂಡು ಚಪ್ಪಲಿಯಲ್ಲೇ ಒಳಗೆ ನುಗ್ಗಿದ. ಮಗುವಿನ ಅಂಗಾಲು ಕೆರೆದ. ಏನೂ ಇಲ್ಲ. ಎತ್ತಿ ಬೆನ್ನು ತಟ್ಟಿದ. ತಟ್ಟುತ್ತಲೇ ಇದ್ದ. ಕೊನೆಗೊಮ್ಮೆ ಮಗು ಬಾಯಿ ತೆರೆದು ಕಿರುಚಿಕೊಂಡಿತು.

"ಎಬ್ಬಿಸಿಬಿಟ್ರಲ್ಲ!"

"ಆಸ್ಪತ್ರೆಗೆ ನಡಿಯಮ್ಮ, ಈಗಲೇ. ನಾನು ಕೊಟ್ಟಿದ್ದು ಏನು ಅಂತ ನನಗೇ ಗೊತ್ತಿರಲಿಲ್ಲ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವನ ಕೈಯಿಂದ ಮಗುವನ್ನು ಕಿತ್ತುಕೊಂಡು ಮೆಟ್ಟಿಲಿಳಿದು ಓಡಿದಳು. ಅವನೂ ಹಿಂದೆ ಓಡಿದ. ಮಗು ಅಳುತ್ತಿತ್ತು. ನಡುನಡುವೆ ಉಸಿರೆಳೆದುಕೊಳ್ಳಲು ಅದು ಅಳು ನಿಲ್ಲಿಸಿದಾಗಲೆಲ್ಲ, ಮುಂದಿನ ಅಳು ಕೇಳುವವರೆಗೆ ಇವನೂ ಉಸಿರಾಡಲಿಲ್ಲ.